ನೋವಪ್ಪಂದಿರು ಕೂತ ಕಟ್ಟೆ

ನಮ್ಮೂರಿಗೆ ಔಷಧಿ ಬಾಟಲಿಯಲ್ಲಿ ಬರುವುದಿಲ್ಲ, ಬಸ್ಸಿನಲ್ಲಿ ಬರುತ್ತದೆ. ಬೆಳಗಿನ ಒಂಬತ್ತರ ಬಸ್ಸು ನಿಂತಿತೆಂದರೆ ಮೊದಲು ಹಾಲಿನವರು ಇಳಿಯುತ್ತಾರೆ, ಆಮೇಲೆ ಸಾಲಿ ಮಾಸ್ತರರು, ಎಲ್ಲರಿಗಿಂತ ಕೊನೆಗೆ ಔಷಧಿ ಮಂದಿ. ತಲೆಗೆ ಎಣ್ಣೆ, ಕಾಲಿಗೆ ಹೊಸ ಚಪ್ಪಲಿ, ಕೈಯಲ್ಲೊಂದು ಚೀಟಿ. ಯಾರ ಮನೆಗೆ, ಯಾವ ರೋಗಕ್ಕೆ ಎಂದು ಚೀಟಿಯಲ್ಲಿ ಬರೆದಿರುತ್ತದೆ. ನಿದ್ದೆಗೆ ಬಂದವರು ಬಸ್ಸಿಳಿಯುವಾಗಲೇ ಆಕಳಿಸುತ್ತಾರೆ, ಜ್ವರಕ್ಕೆ ಬಂದವರು ಹೆಗಲಿಗೆ ಒದ್ದೆ ಟವೆಲ್ಲು ಹಾಕಿಕೊಂಡೇ ಬಂದಿರುತ್ತಾರೆ. ರೋಗಿಯ ಮನೆಯವರೆಗೆ ನಡೆದು ಹೋಗಿ, ಮಂಚದ ಬದಿಗೆ ಕೂತು, ತಮ್ಮ ಕೆಲಸ ಮುಗಿಸಿ, ಹಿತ್ತಲ ಬಾಗಿಲಿಂದ ಹೊರಬಿದ್ದು, ಕಾಲುವೆ ಪಕ್ಕದ ತಪಾಸಣೆ ನಾಕಾದಲ್ಲಿ ಅಂಗಿ ಬದಲಿಸಿಕೊಂಡು ದೋಣಿ ಹತ್ತುತ್ತಾರೆ. ಕೆಲಸ ಇಷ್ಟೇ. ಆದರೆ ಈ ಕೆಲಸ ಸುಸೂತ್ರ ಆಗಬೇಕಾದರೆ ಬಸ್‌ಸ್ಟ್ಯಾಂಡಿಗೂ ರೋಗಿಯ ಮನೆಗೂ ನಡುವೆ ನಾವು ಇರಬಾರದಿತ್ತು.

ನಾವು ಅಂದರೆ ಕಟ್ಟೆ ಇದ್ದವರು. ನಮ್ಮಲ್ಲಿ ಮನೆಗೊಂದು ಕಟ್ಟೆ ಇದ್ದೇ ಇದೆ, ಅದರ ಮೇಲೆ ಮನೆಯವರು ಯಾರಾದರೂ ಕೂತೇ ಇರುತ್ತಾರೆ. ದಾರಿಯಲ್ಲಿ ಹೋಗುವವರನ್ನು ಕರೆಯದೆ ಬಿಟ್ಟರೆ ಅಂದು ನಮಗೆ ಊಟ ಸೇರುವುದಿಲ್ಲ. "ಬರ್ರಿ ಬರ್ರಿ, ಇಂಥಾ ಬಿಸಲಾಗ ಎಲ್ಲಿ ಹೊಂಟೀರಿ, ಕುಂದರ್ರಿ, ಒಂದೀಟು ಚಾ ಕುಡದ ಹೋಗ್ರೆಲ್ಲ!" ಎಂದು ಒಬ್ಬರು ಕೂಗಿದರೆ ಎದುರು ಮನೆಯವರು, "ಅಲ್ಲಿ ಬರೇ ಚಾ ಕೊಡ್ತಾರ, ನಮ್ಮಲ್ಲಿ ಚುರಮರಿನೂ ಐತಿ!" ಎನ್ನುತ್ತಾರೆ. ಔಷಧಿ ಮಂದಿಯೂ ಪಾಪ, ಒಲ್ಲೆ ಎನ್ನುವ ಜಾಯಮಾನದವರಲ್ಲ. ಖಾಲಿ ಕಟ್ಟೆ ಕಂಡರೆ ಅವರ ಕಾಲುಗಳು ತಾವಾಗಿಯೇ ಆ ಕಡೆ ತಿರುಗುತ್ತವೆ. ಕೂತರೋ, ಕೈಯಲ್ಲಿದ್ದ ಚೀಟಿ ಜೇಬಿಗೆ, ಜೇಬಿನಲ್ಲಿದ್ದ ರೋಗ ಮರೆವಿಗೆ. ಕೂತ ಔಷಧಿಯಿಂದ ಯಾರಿಗೂ ಗುಣ ಇಲ್ಲ.

ಹೊಸದಾಗಿ ಬಂದಾಗ ನಮ್ಮ ಡಾಕ್ಟರಮ್ಮನಿಗೆ, ನಾವು ಡಾಕ್ಟರ್ ಬಾಯಿ ಅನ್ನುವವರಿಗೆ, ಇದು ಗೊತ್ತಿರಲಿಲ್ಲ. ಒಬ್ಬ ರೋಗಿಗೆ ಒಬ್ಬ ಔಷಧಿಯವನನ್ನು ಬರೆದು ಕಳಿಸಿದರು. ನಾಲ್ಕು ದಿನ ಕಾದರೂ ಯಾರ ಜ್ವರವೂ ಇಳಿಯಲಿಲ್ಲ. ಏನಾಯಿತೆಂದು ನೋಡಲು ತಾವೇ ಓಣಿಗೆ ಬಂದರೆ, ಜ್ವರದ ಔಷಧಿಯವನು ಒಂದು ಕಟ್ಟೆಯ ಮೇಲೆ ಗಿರ್ಮಿಟ್ಟು ತಿನ್ನುತ್ತಿದ್ದಾನೆ, ಕೆಮ್ಮಿನವನು ಇನ್ನೊಂದು ಕಟ್ಟೆಯ ಮೇಲೆ ಚೌಕಾಬಾರ ಆಡುತ್ತಿದ್ದಾನೆ! ಒಂದು ತಿಂಗಳು ಬೈದರು. ಬೈಗುಳ ಕೇಳಿದವರೆಲ್ಲ, "ಬಾಯಾರ, ಭಾಳ ದಣದೀರಿ, ಕುಂದರ್ರಿ" ಎಂದು ಅವರಿಗೂ ಚಹ ಕೊಟ್ಟರು. ಆಮೇಲೆ ಅವರಿಗೂ ಬುದ್ಧಿ ಬಂತು. ಒಬ್ಬ ಬೇಕಾದಲ್ಲಿ ಇಪ್ಪತ್ತು ಮಂದಿಯನ್ನು ಬರೆಯತೊಡಗಿದರು. ಹತ್ತೊಂಬತ್ತು ಮಂದಿ ಕಟ್ಟೆ ಹಿಡಿಯುತ್ತಾರೆ, ಕೂರಲು ಜಾಗ ಸಿಗದ ಒಬ್ಬ ರೋಗಿಯ ಮನೆ ಸೇರುತ್ತಾನೆ. ಅವನು ಕೆಲಸ ಮುಗಿಸಿ ದೋಣಿ ಹತ್ತಿದನೆಂದರೆ ಯಾವುದೋ ಕಟ್ಟೆಯಿಂದ ಇನ್ನೊಬ್ಬ ಎದ್ದು, ಧೋತರ ಝಾಡಿಸಿಕೊಂಡು, "ನನ್ನ ಪಾಳಿ ಬಂತು ಕಾಣ್ತದ" ಎಂದು ಹೊರಡುತ್ತಾನೆ. ಒಂದು ಸಲ ಕಳಿಸಿದ ಮಂದಿ ವಾರವೆಲ್ಲ ಪುರೈಸುತ್ತಾರೆ. ಒಮ್ಮೆ ಬಾಯಿಯವರೇ ನಮ್ಮ ಕಟ್ಟೆಯ ಮೇಲೆ ಕೂತು ಒಪ್ಪಿಕೊಂಡರು: "ನಿಮ್ಮ ಈ ಕಟ್ಟಿ ಇರೂದೂ ಒಂದು ರೀತಿ ಛಲೋನ ಬಿಡ್ರಿ. ಇಪ್ಪತ್ತೂ ಮಂದಿ ಒಮ್ಮೆಲೆ ಹೋಗಿ ಕೆಲಸಾ ಚಾಲೂ ಮಾಡಿದ್ರ ಪೇಶಂಟ್ ಉಳಿಯೂದಿಲ್ಲ." ಕೇಳಿ ನಮ್ಮ ಎದೆ ಎರಡು ಗೇಣು ಉಬ್ಬಿತು. ಅಂದಿನಿಂದ ನಾವು ಚಹಕ್ಕೆ ಶುಂಠಿ ಹಾಕತೊಡಗಿದೆವು.

ಕರೆಯುವುದಕ್ಕೆ ಮಿತಿ ಇಲ್ಲ, ಆದರೆ ಎಬ್ಬಿಸುವುದಕ್ಕೆ ಇದೆ. ಕಟ್ಟೆಯ ಮೇಲೆ ಕೂತವನು ತಾನಾಗಿ ಎದ್ದರೆ ಎದ್ದ, ಮನೆಯವರು ಏಳು ಅನ್ನುವ ಹಾಗಿಲ್ಲ. ಬಾವಿಯ ಹತ್ತಿರ ಒಂದು ಮನೆಯಿದೆ. ಅವರ ಮುತ್ತಜ್ಜ ಯಾರೋ ಜಡ್ಡಾದ ಸಿಟ್ಟಿನಲ್ಲಿ ಕೂತವನೊಬ್ಬನನ್ನು ಎಬ್ಬಿಸಿ ಕಳಿಸಿದನಂತೆ. ನಾಲ್ಕು ತಲೆಮಾರಾಯಿತು, ಇಂದಿಗೂ ಅವರಿಗೆ ಎಬ್ಬಿಸಿದವರ ಮನೆ ಎಂದೇ ಹೆಸರು. ಹೆಣ್ಣು ಕೊಡುವವರೂ ಹಿಂದೆ ಮುಂದೆ ನೋಡುತ್ತಾರೆ. ನಾನೂ ಅವರ ಬಗ್ಗೆ ಸಾಕಷ್ಟು ಆಡಿಕೊಂಡಿದ್ದೇನೆ, ಸುಳ್ಳೇಕೆ ಹೇಳಲಿ.

ನನ್ನ ಹೆಸರು ದಾಕ್ಷಾಯಣಿ. ಬಸ್‌ಸ್ಟ್ಯಾಂಡಿನಿಂದ ಓಣಿಗೆ ಹೊಕ್ಕರೆ ಮೊದಲು ಸಿಗುವುದೇ ನಮ್ಮ ಮನೆ. ಊರಲ್ಲೇ ಉದ್ದದ ಕಟ್ಟೆ ನಮ್ಮದು, ಹದಿನಾಲ್ಕು ಮಂದಿ ಕಾಲು ಮಡಚಿ ಕೂರಬಹುದು. ಜಂಬ ಕೊಚ್ಚುತ್ತಿದ್ದಾಳೆ ಅನ್ನಬೇಡಿ. ಕೊಚ್ಚುತ್ತಿದ್ದೇನೆ, ನಿಜ, ಆದರೆ ಸುಳ್ಳು ಸೇರಿಸಿಲ್ಲ. ಓಣಿಯ ಇನ್ನೊಂದು ತುದಿಗೆ ನನ್ನ ನೆಗೆಣ್ಣಿ ಶಿವಲೀಲಾಳ ಮನೆ. ನಮ್ಮ ಮನೆಯವರ ತಮ್ಮ ಚಂಬಣ್ಣನ ಹೆಂಡತಿ. ಅವಳ ಕಟ್ಟೆಯ ಮೇಲೆ ಮೂವರು ಕೂರುವುದೇ ಕಷ್ಟ, ಆದರೆ ಬಾಯಿ ಮಾತ್ರ ಮೂವತ್ತು ಮಂದಿಗೆ ಸಾಲುತ್ತದೆ. ನಾನು ಗಿರ್ಮಿಟ್ಟು ಮಾಡಿದ ವಾಸನೆ ಹೋದರೆ ಸಾಕು, ಅವಳು ಮಿರ್ಚಿ ಕರಿಯಲು ಕೂರುತ್ತಾಳೆ. ನನ್ನ ಚಹ ನೀರು ಎಂದು ಊರಿಗೆಲ್ಲ ಹೇಳಿದವಳೂ ಅವಳೇ, ನನ್ನ ಬಾಣಂತನದಲ್ಲಿ ನಲವತ್ತು ದಿನ ನೀರು ಹಾಕಿದವಳೂ ಅವಳೇ. ಮೂವತ್ತು ವರ್ಷದಿಂದ ಜಗಳಾಡುತ್ತಿದ್ದೇವೆ. ಅವಳಿಲ್ಲದಿದ್ದರೆ ಈ ಊರಲ್ಲಿ ನನ್ನ ಸರಿಸಮ ಜಗಳಾಡುವವರು ಯಾರಿದ್ದಾರೆ ಹೇಳಿ?

ಎರಡು ವರ್ಷದ ಹಿಂದೆ ಅವಳ ಎಡಗಾಲಿನ ಮೀನಖಂಡ ಬಾತು ಕುಂಬಳಕಾಯಿಯಾಯಿತು. ಡಾಕ್ಟರ್ ಬಾಯಿ ನೋಡಿ, ಒಳಗೆ ರಕ್ತ ಗಂಟು ಕಟ್ಟಿದೆ, ಗಂಟು ಸರಿದು ಎದೆಗೆ ಹೋದರೆ ಕೆಲಸ ಕೆಟ್ಟಿತು ಎಂದರು. ಅಂದಿನಿಂದ ಪ್ರತಿ ಸೋಮವಾರದ ಬಸ್ಸಿಗೆ ಇಪ್ಪತ್ತು ಮಂದಿ ತಿಳಿಯಪ್ಪಂದಿರು ಬರತೊಡಗಿದರು. ರಕ್ತ ತಿಳಿ ಮಾಡುವವರಾದ್ದರಿಂದ ನಾವಿಟ್ಟ ಹೆಸರು ಅದು. ಬಡಕಲು ಮೈ, ಇಸ್ತ್ರಿ ಅಂಗಿ, ಮಾತು ಕಡಿಮೆ, ಯಾವಾಗಲೂ ತಮ್ಮ ಉಗುರು ನೋಡಿಕೊಳ್ಳುತ್ತಿರುತ್ತಾರೆ. ಗಂಟು ಬಿಚ್ಚುವ ಕೈಗಳಲ್ಲವೇ. ಹದಿನಾಲ್ಕು ಮಂದಿಯನ್ನು ನಾನೇ ಕೂರಿಸಿಕೊಳ್ಳುತ್ತಿದ್ದೆ, ಐವರನ್ನು ಮುಂದಿನ ಮನೆಗಳವರು. ಉಳಿದ ಒಬ್ಬ ಶಿವಲೀಲಾಳ ಮಂಚದ ಹತ್ತಿರ. ಅವಳು ಹುಷಾರಾಗಿ ಓಡಾಡಿಕೊಂಡಿದ್ದಳು. "ನಿನ್ನ ಜೀವಾ ನನ್ನ ಕಟ್ಟಿ ಮ್ಯಾಲ ಕುಂತೈತಿ, ಮರೀಬ್ಯಾಡ" ಎಂದು ನಾನು ಛೇಡಿಸಿದರೆ, "ಅದಕ್ಕ ಅದಕ್ಕ ಚಲೋ ಚಾ ಹಾಕವಾ ಅಂದ್ರ ಕೇಳವಲ್ಲಿ ಅಕ್ಕಾ" ಅನ್ನುತ್ತಿದ್ದಳು.

ಇಷ್ಟರಲ್ಲಿ ನನ್ನ ಮೊಣಕಾಲು ಹಿಡಿಯಿತು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಬಾಯಿಯವರಲ್ಲಿ ಹೋಗಿ ನೋವಪ್ಪಂದಿರನ್ನು ಬರೆದುಕೊಡಿ ಎಂದೆ. ನೋವಪ್ಪ ಅಂದರೆ ನೋವು ಕಳೆಯುವವನು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಿಸಿ ಎಣ್ಣಿ ಹಚ್ಚರಿ, ಮುಂಜಾನೆ ಅಡ್ಡಾಡ್ರಿ, ಹತ್ತು ಕೇಜಿ ಇಳಸ್ರಿ" ಎಂದು ಕಳಿಸಿದರು. ಹತ್ತು ಕೇಜಿಯಂತೆ! ಬಾಗಿಲಲ್ಲಿ ನಾಲ್ಕು ಮಂದಿ ಕೇಳುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದವಳೇ ಒಂದು ಚೀಟಿ ಬರೆದು ಪೇಟೆಯ ಔಷಧಿ ಅಂಗಡಿಗೆ ಕಂಡಕ್ಟರನ ಕೈಯಲ್ಲಿ ಕಳಿಸಿದೆ. ಬಾಯಿಯವರ ಲೆಕ್ಕವೇ ನನಗೂ ಗೊತ್ತಿತ್ತಲ್ಲ, ಒಬ್ಬ ಬೇಕಾದರೆ ಇಪ್ಪತ್ತು. ನನ್ನದು ದೊಡ್ಡ ಮೊಣಕಾಲು, ಇರಲಿ ಎಂದು ಎರಡು ಡಜನ್ ಬರೆದೆ.

ಮಂಗಳವಾರ ಬೆಳಿಗ್ಗೆ ಇಪ್ಪತ್ನಾಲ್ಕು ನೋವಪ್ಪಂದಿರು ಬಸ್ಸಿಳಿದರು. ಅಬ್ಬಬ್ಬಾ, ಏನು ಮಂದಿ! ಕೆಂಪು ರುಮಾಲು, ಡೊಳ್ಳು ಹೊಟ್ಟೆ, ಬಸ್‌ಸ್ಟ್ಯಾಂಡಿನಲ್ಲಿ ನಕ್ಕರೆ ಓಣಿಯ ಕೊನೆಗೆ ಕೇಳಬೇಕು. ಒಬ್ಬ ಮಾತ್ರ ನೆಟ್ಟಗೆ ಒಳಗೆ ಬಂದು ನನ್ನ ಮೊಣಕಾಲಿನ ಹತ್ತಿರ ಕೂತ. ಉಳಿದವರು ಕಟ್ಟೆ ನೋಡಿದರು. ಕಟ್ಟೆಯ ಮೇಲೆ ಆಗಲೇ ಹದಿನಾಲ್ಕು ತಿಳಿಯಪ್ಪಂದಿರು ಸೋಮವಾರದಿಂದ ಕೂತಿದ್ದರು. ಜಾಗ ಇಲ್ಲವೆಂದು ಮುಂದೆ ಹೋಗುವ ಪೈಕಿಯೇ ಇವರು? "ಒಂಚೂರು ಸರೀರಿ ಸಾಹೇಬ್ರ" ಎಂದು ಒಬ್ಬ ಈ ತುದಿಗೆ ತನ್ನ ತೊಡೆ ಊರಿದ. ಆ ತುದಿಯ ತಿಳಿಯಪ್ಪ ಕೆಳಗೆ ಜಾರಿದ. ಎರಡನೆಯವನು ಊರಿದ, ಇನ್ನೊಬ್ಬ ಜಾರಿದ. ಜಾರಿದವರು ಜಗಳ ತೆಗೆಯಲಿಲ್ಲ, ಅಂಗಿ ಸರಿಮಾಡಿಕೊಂಡು, ಜೇಬಿನಿಂದ ಚೀಟಿ ತೆಗೆದು ಓದಿ, ಓಣಿಯಲ್ಲಿ ಮುಂದೆ ನಡೆದರು. ಚಹದ ಹೊತ್ತಿಗೆ ನನ್ನ ಕಟ್ಟೆಯ ಮೇಲೆ ಹದಿನಾಲ್ಕೂ ಕೆಂಪು ರುಮಾಲುಗಳು. ಉಳಿದ ಒಂಬತ್ತು ಮಂದಿ ಮುಂದಿನ ಮನೆಗಳ ಕಟ್ಟೆಗಳಲ್ಲಿ ಸಂದಿ ಇದ್ದಲ್ಲೆಲ್ಲ ತುರುಕಿಕೊಂಡರು.

ನಾನು ನೋಡಲಿಲ್ಲವೇ? ನೋಡಿದೆ. ಬಾಗಿಲಲ್ಲೇ ನಿಂತಿದ್ದೆ. ಆದರೆ ಆ ಹೊತ್ತಿಗೆ ನನ್ನ ಮೊಣಕಾಲು ತಣ್ಣಗಾಗಿತ್ತು. ಎಷ್ಟೋ ತಿಂಗಳ ಮೇಲೆ ಮೊದಲ ಸಲ ಕುಕ್ಕರಗಾಲಲ್ಲಿ ಕೂತು ಹಿಟ್ಟು ಬೀಸಿದ್ದೆ, ಅಟ್ಟಕ್ಕೆ ಏಣಿ ಹತ್ತಿದ್ದೆ. ಏಣಿಯ ಮೇಲಿಂದ ನಮ್ಮ ಮನೆಯವರನ್ನು ಕರೆದು ತೋರಿಸಿದ್ದೆ ಕೂಡ. ಸುಖದಲ್ಲಿದ್ದವರ ಕಣ್ಣಿಗೆ ಏನು ಕಾಣುತ್ತದೆ? ತಿಳಿಯಪ್ಪಂದಿರು ತಾವಾಗಿ ಎದ್ದು ಹೋದರು, ಎದ್ದವರನ್ನು ತಡೆಯಬಾರದು, ಎಂದುಕೊಂಡು ನೋವಪ್ಪಂದಿರಿಗೆ ಗಿರ್ಮಿಟ್ಟು ಕಲಸಿದೆ.

ಬುಧವಾರ ಹನ್ನೊಂದರ ಸುಮಾರಿಗೆ ಚಂಬಣ್ಣ ಓಡಿ ಬಂದ. ಅಂಗಿಯ ಗುಂಡಿ ಹಾಕಿರಲಿಲ್ಲ.

"ವೈನಿ, ಲಗೂನ ಬರ್ರಿ. ಶಿವಲೀಲಾನ ಮೂಗಿನ ರಕ್ತ ನಿಲ್ಲವಲ್ದು."

ನಾನು ಹೋಗಿ ನೋಡಿದೆ. ಶಿವಲೀಲಾ ಮಂಚದ ಮೇಲೆ ದಿಂಬಿಗೆ ಒರಗಿದ್ದಳು. ಮೂಗಿಗೆ ಹತ್ತಿ, ತುಟಿಯ ಸಂದಿಯಲ್ಲಿ ರಕ್ತ, ಬಳೆ ತಾಗಿದ ಕಡೆಯಲ್ಲೆಲ್ಲ ತೋಳು ನೇರಳೆಹಣ್ಣಿನ ಬಣ್ಣ. ಮಂಚದ ಸುತ್ತ ಹದಿನೈದು ತಿಳಿಯಪ್ಪಂದಿರು ಒತ್ತೊತ್ತಾಗಿ ಕೂತು, ತಲೆ ಬಗ್ಗಿಸಿ, ತಮ್ಮ ತೆಳ್ಳಗಿನ ಬೆರಳುಗಳಿಂದ ಅವಳ ರಕ್ತದ ಒಂದೊಂದೇ ಎಳೆ ಬಿಡಿಸುತ್ತಿದ್ದರು. ಅವರಿಗೇನು ಕೇಡು ಬಗೆಯುವ ಮನಸ್ಸಿರಲಿಲ್ಲ. ಒಬ್ಬ ಮಾಡಬೇಕಾದ ಕೆಲಸವನ್ನು ಹದಿನೈದು ಮಂದಿ ಮಾಡುತ್ತಿದ್ದರು, ಅಷ್ಟೇ.

ಡಾಕ್ಟರ್ ಬಾಯಿ ಆಗಲೇ ಅಲ್ಲಿದ್ದರು. "ಗಟ್ಟಿಯಪ್ಪನ್ನ ಕಳಸ್ರಿ ಅಂತ ಫೋನ್ ಮಾಡೀನಿ. ಸಂಜೀ ಐದರ ಬಸ್ಸಿಗೆ ಬರ್ತಾನ. ಅಂವಾ ಬಂದ್ರ ರಕ್ತ ಗಟ್ಟಿ ಆಗ್ತದ. ಅಲ್ಲೀ ಮಟಾ ಇವರನ್ನ ಇಲ್ಲಿಂದ ತೆಗೀಬೇಕು. ಇವರು ಹಿಂಗ ಕುಂತ್ರ ಐದರ ಮಟಾ ಈಕೀನ್ನ ಹಿಡಿಯೂದು ಕಠಿಣ ಅದ."

"ಎಳದು ಹೊರಗ ಹಾಕೂಣು?" ಎಂದ ಚಂಬಣ್ಣ.

"ಎಳದ್ರ ಬರೂ ಮಂದಿ ಅಲ್ಲ. ಕರದ್ರ ಬರ್ತಾರ. ಎಲ್ಲೆರ ಕಟ್ಟಿ ಖಾಲಿ ಅದ ಏನು?"

ಚಂಬಣ್ಣ ತಲೆಯಾಡಿಸಿದ. ಬೆಳಿಗ್ಗೆಯಿಂದ ಅದೇ ಕೆಲಸ ಮಾಡಿದ್ದನಂತೆ. ಅಂಗಳದಲ್ಲಿ ಕುರ್ಚಿ ಹಾಕಿ ಕರೆದ, ಚಾಪೆ ಹಾಸಿ ಕರೆದ, ಹೋಳಿಗೆಯ ಆಸೆ ತೋರಿಸಿದ. ಕಟ್ಟೆ ಬಿಟ್ಟು ಇನ್ನೆಲ್ಲಿಯೂ ಕೂರುವವರಲ್ಲ ಅವರು. ಓಣಿಯ ಕಟ್ಟೆಗಳಲ್ಲೆಲ್ಲ ಕೆಂಪು ರುಮಾಲು. ಬಾಯಿಯವರು ಕಿಟಕಿಯಿಂದ ಹೊರಗೆ ನೋಡಿ ಹುಬ್ಬು ಗಂಟಿಕ್ಕಿದರು. "ಈ ನೋವಪ್ಪಂದಿರನ್ನ ಯಾರು ಕರಿಸ್ಯಾರ? ನಾ ಅಂತೂ ಬರದಿಲ್ಲ."

ನನ್ನ ಜೀವಮಾನದಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದು ಅದೊಂದೇ ಸಲ, ಅದೂ ಬಾಯಿ ಬಿಡಬೇಕಾದ ಹೊತ್ತಿನಲ್ಲಿ. ಶಿವಲೀಲಾ ಕಣ್ಣು ತೆರೆದು ನನ್ನನ್ನೇ ನೋಡಿದಳು. "ಅಕ್ಕಾ, ನಿನ್ನ ಕಾಲು ಆರಾಮ ಆಗ್ಯಾವಲ್ಲ, ಹಗೂರಕ ನಡದ ಬಂದಿ" ಎಂದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಸೀದಾ ಮನೆಗೆ ಬಂದೆ.

ಬಂದು ಕಟ್ಟೆಯ ಮುಂದೆ ನಿಂತೆ. ಹದಿನಾಲ್ಕು ಮಂದಿ ಹಲ್ಲು ಕಿರಿದು, "ಬರ್ರಿ ಅಕ್ಕಾರ, ಇನ್ನೊಂದೀಟು ಚುರಮರಿ ಆದ್ರ ಬೇಷಿತ್ತು" ಎಂದರು. ಏಳಿ ಅನ್ನುವುದೊಂದು ಬಿಟ್ಟು ಬೇರೆ ಏನಾದರೂ ಮಾಡಿ ಎಬ್ಬಿಸೋಣ ಎಂದು ಯೋಚಿಸಿದೆ. ಮೊದಲು ಚಹ ನಿಲ್ಲಿಸಿದೆ. ಒಂದು ಗಂಟೆ ಕಾದರು, "ನಮಗೇನ ಅವಸರಿಲ್ಲರಿ, ನಿಧಾನಕ ಆಗ್ಲಿ" ಎಂದರು. ಆಮೇಲೆ ನಮ್ಮ ಮನೆಯವರನ್ನು ಕರೆದು ಕಟ್ಟೆಗೆ ಬಿಟ್ಟೆ. ಅವರು ಕಾಲುವೆ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಇದ್ದವರು. ಹನ್ನೊಂದನೇ ನಂಬರಿನ ತೂಬಿನ ಬಾಗಿಲು ತುಕ್ಕು ಹಿಡಿದ ಕಥೆಯನ್ನು ಅವರು ಹೇಳತೊಡಗಿದರೆ ಬಂದ ಬೀಗರು ಊಟ ಬಿಟ್ಟು ಎದ್ದು ಹೋದದ್ದುಂಟು. ಅರ್ಧ ತಾಸಾದ ಮೇಲೆ ಇಣುಕಿ ನೋಡಿದರೆ ನೋವಪ್ಪಂದಿರು ಗಲ್ಲಕ್ಕೆ ಕೈ ಕೊಟ್ಟು, "ಮುಂದ ಏನಾತ್ರಿ? ಎಂಜಿನಿಯರ್ ಸಾಹೇಬ್ರು ಏನಂದ್ರು?" ಎಂದು ಕೇಳುತ್ತಿದ್ದಾರೆ! ನಮ್ಮ ಮನೆಯವರ ಮುಖ ನೋಡಬೇಕಿತ್ತು. ಮದುವೆಯಾದ ದಿನವೂ ಅಷ್ಟು ಅರಳಿರಲಿಲ್ಲ. "ದಾಕ್ಷಾಯಣಿ, ಭಾಳ ತಿಳುವಳಿಕಿ ಮಂದಿ ಅದಾರ" ಎಂದರು. ನಾನು ಅವರನ್ನು ದಬಾಯಿಸಿ ಒಳಗೆ ಕಳಿಸಿದೆ. ಒಂದು ಕೊಡ ನೀರು ತಂದು, ಕಟ್ಟೆ ತೊಳೆಯಬೇಕು ಎಂದು ಸುರಿದೆ. ಅವರೆಲ್ಲ ಕಾಲು ಮೇಲೆತ್ತಿ, "ಆಹಾ, ತಂಪಾತ್ರಿ" ಎಂದರು.

ಹೊತ್ತು ಎರಡು ದಾಟಿತ್ತು. ಚಂಬಣ್ಣ ಓಣಿಯ ಆ ತುದಿಯಲ್ಲಿ ನಿಂತು ನನ್ನ ಕಡೆ ನೋಡುತ್ತಿದ್ದ. ಕೈಯಲ್ಲಿ ರಕ್ತವಾದ ಹತ್ತಿಯ ಬೋಗುಣಿ ಇತ್ತು.

ನಾನು ಖಾಲಿ ಕೊಡ ಕೆಳಗಿಟ್ಟೆ. ಸೆರಗು ಸೊಂಟಕ್ಕೆ ಸಿಕ್ಕಿಸಿದೆ. "ಏಳ್ರಿ" ಎಂದೆ.

ಅವರಿಗೆ ಕೇಳಿಸಲಿಲ್ಲವೋ, ಕೇಳಿಸಿದ್ದನ್ನು ನಂಬಲಿಲ್ಲವೋ. ಹಾಗೇ ನಗುತ್ತಿದ್ದರು.

"ಏಳ್ರಿ ಅಂದ್ನಿ! ಎದ್ದು ನಡೀರಿ ನಮ್ಮ ಕಟ್ಟಿ ಮ್ಯಾಲಿಂದ! ಒಬ್ಬಾವನೂ ಕುಂದರಬ್ಯಾಡ್ರಿ!"

ಎದುರು ಮನೆಯವಳು ಅಕ್ಕಿ ಕೇರುತ್ತಿದ್ದ ಮೊರ ಹಾಗೇ ಹಿಡಿದು ಕೂತಳು. ಯಾರದೋ ಅಡುಗೆಮನೆಯಲ್ಲಿ ಬಟ್ಟಲೊಂದು ಬಿತ್ತು. ನೋವಪ್ಪಂದಿರ ನಗೆ ಇಳಿಯಿತು. ಎಲ್ಲರಿಗಿಂತ ದಪ್ಪಗಿದ್ದವನು ಮೆಲ್ಲಗೆ ಎದ್ದು, ರುಮಾಲು ತೆಗೆದು, "ನಮ್ಮಿಂದ ಏನೆರ ತಪ್ಪಾತೇನ್ರಿ ಅಕ್ಕಾರ?" ಎಂದು ಕೇಳಿದ. ಅವನ ಕಣ್ಣಲ್ಲಿ ನೀರಿತ್ತು. ತಪ್ಪು ನಿಂದಲ್ಲಪ್ಪಾ, ನಂದು, ಎನ್ನಬೇಕೆಂದು ಗಂಟಲವರೆಗೆ ಬಂತು. ಅಂದರೆ ಕೂತುಬಿಡುತ್ತಾನೆ ಎಂಬ ಭಯ. "ನಡೀರಿ" ಎಂದೆ, ಕಸಬರಿಗೆ ತೋರಿಸಿದೆ. ಒಬ್ಬೊಬ್ಬರಾಗಿ ಎದ್ದರು. ಎದುರು ಮನೆಯವಳು, "ಅಯ್ಯ ನಮ್ಮವ್ವ, ಎಬ್ಬಿಸಿದ್ಲು!" ಎಂದದ್ದು ನನಗೆ ಚೆನ್ನಾಗಿ ಕೇಳಿಸಿತು.

ಎದ್ದವರು ಎಲ್ಲಿ ಹೋಗುತ್ತಾರೆ? ಚೀಟಿ ತೆಗೆದು ಓದಿದರು. ಚೀಟಿಯಲ್ಲಿ ನನ್ನದೇ ಅಕ್ಷರ, ನನ್ನದೇ ಹೆಸರು, ನನ್ನದೇ ಮೊಣಕಾಲು. ಹದಿನಾಲ್ಕೂ ಮಂದಿ ಒಮ್ಮೆಲೆ ನನ್ನ ಕಾಲಿಗೆ ಮುತ್ತಿದರು. ಅಯ್ಯೋ, ಅದನ್ನು ಏನೆಂದು ಹೇಳಲಿ! ನೋವು ಹೋದದ್ದು ಹಾಗಿರಲಿ, ಕಾಲುಗಳೇ ಇದ್ದಾವೋ ಇಲ್ಲವೋ ತಿಳಿಯದಂತಾಯಿತು. ಹೊಟ್ಟೆಯೊಳಗೆ ಮಾತ್ರ ಬ್ಯಾಡಗಿ ಮೆಣಸಿನಕಾಯಿ ಒಲೆಗೆ ಹಾಕಿದ ಹಾಗೆ ಉರಿ ಎದ್ದಿತು. ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಆ ಕಾಲಿನಲ್ಲೇ ಓಡಿದೆ. ಐವತ್ತೆಂಟು ವರ್ಷದ ಹೆಂಗಸು, ಹತ್ತು ಕೇಜಿ ಹೆಚ್ಚಿಗೆ ಇದ್ದವಳು, ಹೊಟ್ಟೆ ಹಿಡಿದುಕೊಂಡು ನಡು ಓಣಿಯಲ್ಲಿ ಓಡಿದೆ. ಒಂದು ಕಟ್ಟೆಯಿಂದಲೂ ಯಾರೂ ಬಾ ಅನ್ನಲಿಲ್ಲ.

ಶಿವಲೀಲಾಳ ಕೋಣೆಯ ಹೊಸ್ತಿಲಲ್ಲಿ ನಿಂತು ಕರೆದೆ. "ಬರ್ರಿ ಬರ್ರಿ, ಮುಂಜಾನಿಂದ ದಣದೀರಿ. ನಮ್ಮ ಕಟ್ಟಿ ಖಾಲಿ ಐತಿ, ಈಗಷ್ಟ ತೊಳದೀನಿ, ತಂಪ ಐತಿ. ಚಾ ಕುದಿಯಾಕತ್ತೈತಿ." ತಿಳಿಯಪ್ಪಂದಿರು ತಲೆಯೆತ್ತಿದರು. ತಮ್ಮ ಉಗುರು ನೋಡಿಕೊಂಡರು. ಶಿವಲೀಲಾಳನ್ನು ನೋಡಿದರು, ನನ್ನನ್ನು ನೋಡಿದರು. ಕಟ್ಟೆ ಖಾಲಿ ಇದೆ ಅಂದ ಮೇಲೆ ಒಲ್ಲೆ ಅನ್ನುವ ಶಕ್ತಿ ಅವರಿಗೆಲ್ಲಿದೆ? ಒಬ್ಬ ಎದ್ದ. ಅವನ ಹಿಂದೆ ಇನ್ನೊಬ್ಬ. ಸಲಕ್ಕೆ ಇಬ್ಬಿಬ್ಬರ ತೋಳು ಹಿಡಿದುಕೊಂಡು, ಹಾದಿಯುದ್ದಕ್ಕೂ ಬಾಯಿಗೆ ಬಂದದ್ದು ಮಾತಾಡುತ್ತ, ಏಳು ಸಲ ಓಡಾಡಿ ಹದಿನಾಲ್ಕು ಮಂದಿಯನ್ನೂ ಕೂರಿಸಿದೆ. ಹದಿನೈದನೆಯವನು ಅಲ್ಲೇ ಇರಲಿ, ಅವನು ಇರಬೇಕಾದವನೇ ಎಂದರು ಬಾಯಿ. ಮೂರೂವರೆಗೆ ಮೂಗಿನ ರಕ್ತ ಹನಿಗೆ ಇಳಿಯಿತು. ನಾನು ಬಾಗಿಲಲ್ಲಿ ಕೂತು ತಿಳಿಯಪ್ಪಂದಿರಿಗೆ ಮೇಲಿಂದ ಮೇಲೆ ಚಹ ಕೊಟ್ಟೆ. ನಮ್ಮ ಮನೆಯವರನ್ನು ಮತ್ತೆ ಕರೆದು ಹನ್ನೊಂದನೇ ನಂಬರಿನ ತೂಬನ್ನು ಮೊದಲಿಂದ ಹೇಳಿಸಿದೆ. ಇವರು ಮುಂದೇನಾಯಿತು ಎಂದು ಕೇಳಲಿಲ್ಲ. ಕೂತಲ್ಲೇ ತೂಕಡಿಸಿದರು. ಅದು ಇನ್ನೂ ಒಳ್ಳೆಯದಾಯಿತು.

ಐದರ ಬಸ್ಸಿಗೆ ಗಟ್ಟಿಯಪ್ಪ ಇಳಿದ. ಹಸಿರು ಶಾಲು ಹೊದ್ದ ಕುಳ್ಳ ಮನುಷ್ಯ, ಮೈಗೆಲ್ಲ ಮೆಂತ್ಯಪಲ್ಲೆಯ ವಾಸನೆ. ಓಣಿಯ ಯಾರಾದರೂ ಒಬ್ಬರು ಬಾ ಎಂದು ಕರೆದು, ಒತ್ತರಿಸಿಕೊಂಡಾದರೂ ಕೂರಿಸಿಕೊಂಡರೆ ನಾನು ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಆದರೆ ಅಂದು ಓಣಿಗೆ ಓಣಿಯೇ ಮುಖ ಊದಿಸಿಕೊಂಡಿತ್ತು. ಹೆಂಗಸರು ಬೆನ್ನು ತಿರುಗಿಸಿ ಕೂತು ನನ್ನ ಬಗ್ಗೆ ಪಿಸುಗುಟ್ಟುವುದರಲ್ಲಿ ಮುಳುಗಿದ್ದರು. ಗಂಡಸರು, ದೊಡ್ಡ ಮನೆತನ ಎಂದುಕೊಂಡಿದ್ದೆವು, ನೋಡಿದಿರಾ, ಎನ್ನುತ್ತಿದ್ದರು. ಗಟ್ಟಿಯಪ್ಪ ಎಡಕ್ಕೂ ಬಲಕ್ಕೂ ಆಸೆಯಿಂದ ನೋಡುತ್ತ ನಡೆದ. ಒಬ್ಬರೂ ಒಂದು ಲೋಟ ನೀರಿಗೂ ಕರೆಯಲಿಲ್ಲ. ಐದು ಹತ್ತಕ್ಕೆ ಶಿವಲೀಲಾಳ ಮಂಚ ಮುಟ್ಟಿದ. ನಮ್ಮೂರ ಇತಿಹಾಸದಲ್ಲಿ ಅಷ್ಟು ಬೇಗ ಯಾವ ಔಷಧಿಯೂ ಮುಟ್ಟಿದ್ದಿಲ್ಲ ಎಂದು ಬಾಯಿಯವರು ಗಡಿಯಾರ ನೋಡಿ ಹೇಳಿದರಂತೆ.

ನನ್ನ ಕಾಲಿನ ಹದಿನಾಲ್ಕು ಮಂದಿಯೂ ಅಷ್ಟರಲ್ಲಿ ಕೆಲಸ ಮುಗಿಸಿ ಹಿತ್ತಲಿನಿಂದ ನಾಕಾದ ಕಡೆಗೆ ಹೋದರು. ಹೋಗುವಾಗ ಒಬ್ಬನೂ ನನ್ನ ಮುಖ ನೋಡಲಿಲ್ಲ. ಅವರ ಹಿಂದೆಯೇ ನೋವು ವಾಪಸು ಬಂತು, ಬಂದದ್ದು ಬಡ್ಡಿ ಸಮೇತ. ಬಾಯಿಯವರು ನನಗೆ ಎರಡು ಲೋಟ ಮಜ್ಜಿಗೆ ಕುಡಿಸಿ, ಚೀಟಿ ಬರೆದವಳು ನಾನೇ ಎಂದು ನಾನು ಬಾಯಿಬಿಟ್ಟ ಮೇಲೆ ಕಾಲು ಗಂಟೆ ಬೈದರು. ನಾನು ಕುಂದರ್ರಿ ಅನ್ನಲಿಲ್ಲ. ನಿಂತುಕೊಂಡೇ ಬೈಸಿಕೊಂಡೆ.

ದೀಪ ಹಚ್ಚುವ ಹೊತ್ತಿಗೆ ಗೋಡೆ ಹಿಡಿದು ಹಿಡಿದು ಶಿವಲೀಲಾಳ ಮನೆಗೆ ಹೋದೆ. ಮೂಗಿನ ಹತ್ತಿ ತೆಗೆದಿದ್ದರು. ಮುಖ ಬಿಳುಚಿಕೊಂಡಿತ್ತು, ಆದರೆ ಕಣ್ಣು ಅವಳವೇ. ಮಂಚದ ಪಕ್ಕ ನೆಲದ ಮೇಲೆ ಹೇಗೋ ಕೂತೆ.

"ಶಿವಲೀಲಾ, ಆ ನೋವಪ್ಪಂದಿರನ್ನ ಕರಿಸಿದಾಕಿ ನಾನ" ಎಂದೆ. "ಡಾಕ್ಟರಿಗೆ ಹೇಳದ ಕೇಳದ ಕರಿಸಿದ್ನಿ. ನಿನ್ನವರು ಜಾರಿ ಬೀಳೂದ ಕಣ್ಣಾರೆ ನೋಡಿದ್ನಿ, ಸುಮ್ನ ಇದ್ದೆ." ಹೇಳುತ್ತ ಹೇಳುತ್ತ ಅಳು ಬಂತು.

"ಅದೇನ ಗೊತ್ತಿಲ್ಲೇನ ನನಗ?" ಎಂದಳು. "ಈ ಊರಾಗ ಎರಡು ಡಜನ್ ನೋವಪ್ಪಂದಿರು ಬೇಕಾಗೂವಂಥಾ ಮೊಣಕಾಲು ಇನ್ಯಾರಿಗೈತಿ? ಅದು ಬಿಡು. ಒಂದ್ ಮಾತು ಕೇಳ್ತೀನಿ, ಖರೇ ಹೇಳು. ನೀ ಕುಂತವರನ್ನ ಎಬ್ಬಿಸಿದೆಂತ?"

"ಹೂಂ."

"ಕಟ್ಟಿ ಮ್ಯಾಲಿಂದ? ಕಸಬರಿಗಿ ಹಿಡದು?"

"ಹೂಂ."

ಅವಳು ಎದೆಗೆ ಕೈ ಇಟ್ಟುಕೊಂಡು ದಿಂಬಿಗೆ ಒರಗಿದಳು. ಅಷ್ಟು ರಕ್ತ ಹೋದಾಗಲೂ ಅವಳ ಮುಖ ಹಾಗೆ ಆಗಿರಲಿಲ್ಲ. "ಮನಿತನದ ಮರ್ಯಾದಿ ಮಣ್ಣಾಗ ಹಾಕಿದೆಲ್ಲ ಅಕ್ಕಾ!" ಎಂದಳು. "ನಾಳೆ ಓಣ್ಯಾಗ ನಾ ಮಂದೀಗೆ ಮಾರಿ ಹ್ಯಾಂಗ ತೋರಸ್ಲಿ?"

"ತೋರಸಾಕ ಮಾರಿ ಉಳದೈತೆಲ್ಲ" ಎಂದೆ. "ನನಗ ಅಷ್ಟ ಸಾಕು."

ಶಿವಲೀಲಾ ಸಿಟ್ಟಿನಿಂದ ಗೋಡೆಯ ಕಡೆಗೆ ತಿರುಗಿ ಮಲಗಿದಳು. ಬೆನ್ನ ಹಿಂದೆ ಕೈ ಚಾಚಿ, ತಡಕಾಡಿ, ನನ್ನ ಕೈ ಹಿಡಿದುಕೊಂಡಳು. ನಿದ್ದೆ ಬಂದ ಮೇಲೂ ಬಿಡಲಿಲ್ಲ.